ಕಟ್ಟಿದ ಕೈಯೇ ಬಿಚ್ಚಬೇಕು

ನಾಲಿಗೆಯ ಮೇಲೆ ಮೊದಲ ಅಕ್ಷರವನ್ನಿರಿಸಿದ ತಂದೆಗೆ, ಆ ಅಕ್ಷರಕ್ಕೆ ಅರ್ಥವನ್ನು ಕೂಡಿಸಿದ ಗುರುಗಳಿಗೆ, ಕಲಿಸುತ್ತಿದ್ದೇನೆಂಬ ಭ್ರಮೆಯಲ್ಲಿದ್ದ ನನಗೇ ಕಲಿಸಿ ಹೋದ ಶಿಷ್ಯರಿಗೆ, ಇವರೆಲ್ಲರ ಬಾಯಲ್ಲಿ ನಿಂತು ನುಡಿದ ತಾಯಿ ಶಾರದೆಗೆ ಮೊದಲು ಕೈಮುಗಿಯುತ್ತೇನೆ. ನಮಸ್ಕಾರವಿಲ್ಲದೆ ಕಥೆಯನ್ನು ಆರಂಭಿಸಬಾರದು, ಮಂಗಳವಿಲ್ಲದೆ ಮುಗಿಸಬಾರದು ಎಂದು ಬಾಲ್ಯದಲ್ಲೇ ಹೇಳಿಕೊಟ್ಟಿದ್ದರು. ಮೊದಲನೆಯದು ನನಗೆ ಬೇಗ ತಿಳಿಯಿತು. ಎರಡನೆಯದು ತಿಳಿಯಬೇಕಾದರೆ ಕೂದಲು ನೆರೆಯಬೇಕಾಯಿತು, ಹರಪನಹಳ್ಳಿಯ ಒಂದು ಇಳಿಹೊತ್ತು ಬೇಕಾಯಿತು.

ನಮ್ಮ ದೇವರ ಪೀಠದಲ್ಲಿ, ಸಾಲಿಗ್ರಾಮದ ಬಟ್ಟಲಿಗೂ ಗಂಟೆಗೂ ನಡುವೆ, ಹುಣಸೆಬೀಜದಷ್ಟು ದೊಡ್ಡ ಕನ್ನಡಿಯ ಚೂರೊಂದಿದೆ. ಹೊಸಬರು ನೋಡಿದರೆ ಇದು ಯಾವ ದೇವರೆಂದು ಕೇಳುತ್ತಾರೆ; ನಾನು ನಕ್ಕು ಗಂಟೆ ಬಾರಿಸುತ್ತೇನೆ. ಈ ಬೆಳಿಗ್ಗೆ ಪೀಠವನ್ನು ಒರೆಸುವಾಗ ಅದು ಬಟ್ಟೆಗೆ ಸಿಕ್ಕಿ ಕೆಳಗುರುಳಿತು. ಕನ್ನಡಕವನ್ನು ಹಣೆಗೇರಿಸಿ, ಮಂಡಿಯೂರಿ ಹುಡುಕಿದೆ. ಅದಾದ ಮೇಲೆ ಹಣೆಯ ಮೇಲಿದ್ದ ಕನ್ನಡಕವನ್ನೂ ಸ್ವಲ್ಪ ಹೊತ್ತು ಹುಡುಕಿದೆ. ಚೂರು ಸಿಕ್ಕಿತು. ಅದರ ಬೆನ್ನಿಗೆ ಹಳೆಯ ಮೇಣ ಇನ್ನೂ ಅಂಟಿದೆ. ಮೂಗಿನ ಬಳಿ ಹಿಡಿದರೆ ಅರದಾಳದ ವಾಸನೆ, ಬಯಲಾಟದವರು ಮುಖಕ್ಕೆ ಬಳಿಯುವ ಆ ಹಳದಿ ಬಣ್ಣದ್ದು. ಇಷ್ಟು ವರ್ಷದ ಮೇಲೂ ವಾಸನೆ ಉಳಿದಿರುವುದು ಚೂರಿನಲ್ಲೋ ನನ್ನ ಮೂಗಿನಲ್ಲೋ ಹೇಳಲಾರೆ.

ತೊಂಬತ್ತರ ದಶಕದ ನಡುವಿನ ಮಾತು. ನಾನು ಹರಪನಹಳ್ಳಿಯಲ್ಲಿ ಇಂಗ್ಲಿಷ್ ಸಾಹಿತ್ಯ ಪಾಠ ಹೇಳುತ್ತಿದ್ದೆ. ತಂದೆಯವರು ಸಂಸ್ಕೃತ ಕಾವ್ಯಗಳನ್ನು ಬಾಯಿಪಾಠ ಮಾಡಿಸಿ ಬೆಳೆಸಿದ ಮಗ ನಾನು, ಹೊಟ್ಟೆಪಾಡಿಗೆ ಇಂಗ್ಲಿಷ್ ಹಿಡಿದೆ. ಹಿಡಿದ ಮೇಲೆ ಅದರ ಮೇಲೂ ಭಕ್ತಿ ಬೆಳೆಯಿತು. ಹಣೆಗೆ ಗಂಧವಿಟ್ಟು, ಪಂಚೆಯುಟ್ಟು ಆ ಭಾಷೆಯ ನಾಟಕಗಳನ್ನು ಓದಿಸುತ್ತಿದ್ದ ನನ್ನನ್ನು ನೋಡಿ ಸಹೋದ್ಯೋಗಿಗಳು ನಗುತ್ತಿದ್ದರು. ಆ ವರ್ಷ ಅಂತಿಮ ಬಿ.ಎ. ತರಗತಿಗೆ ಹಳೆಯ ಸೇಡಿನ ನಾಟಕವೊಂದು ಪಠ್ಯವಾಗಿತ್ತು. ತಮ್ಮನೊಬ್ಬ ಅಣ್ಣನನ್ನು ಕೊಂದು ಕಿರೀಟ ತೊಡುತ್ತಾನೆ. ಅಣ್ಣನ ಪ್ರೇತ ಬಂದು ಮಗನಲ್ಲಿ ಸೇಡು ಬೇಡುತ್ತದೆ. ಮಗ ಅಂಕದಿಂದ ಅಂಕಕ್ಕೆ ತಡಮಾಡುತ್ತಾನೆ. ಕೊನೆಗೆ ರಾಜನ ವಿಷಕ್ಕೆ ಅವನು, ಅವನ ಕತ್ತಿಗೆ ರಾಜ, ಇಬ್ಬರೂ ಒಂದೇ ರಂಗದ ಮೇಲೆ ಸತ್ತು ಬೀಳುತ್ತಾರೆ.

ಇಂಗ್ಲಿಷ್ ಸಾಹಿತ್ಯವನ್ನು ಆರಿಸಿಕೊಂಡವರು ಮೂವರೇ. ಒಂದೇ ಬೆಂಚಿನ ಆ ತುದಿಗೆ ಹಾಲೇಶ, ಈ ತುದಿಗೆ ಕೊಟ್ರೇಶ, ನಡುವೆ ಗುಡೇಕೋಟೆಯ ಹುಲಿಗೆಮ್ಮ. ಹುಡುಗರಿಬ್ಬರೂ ನಮ್ಮ ತಾಲ್ಲೂಕಿನದೇ ಅರಸೀಕೆರೆಯವರು, ಅಣ್ಣತಮ್ಮಂದಿರ ಮಕ್ಕಳು. ಆದರೆ ಪರಸ್ಪರ ಮಾತಿಲ್ಲ. ಮೂವರಿಗೂ ಒಂದೇ ಪುಸ್ತಕ.

“ಹುಲಿಗೆಮ್ಮ, ಪುಟ ತಿರುವು ಅಂತ ಹೇಳವನಿಗೆ.”

“ಓದಿ ಮುಗಿದಿಲ್ಲ ಅಂತ ಹೇಳು.”

“ನಾನೇನು ನಿಮ್ಮಿಬ್ಬರ ನಡುವಿನ ಟಪಾಲಿನಾಕಿಯೇನಲೇ?” ಎಂದು ಅವಳು ಪುಸ್ತಕವನ್ನೇ ಮುಚ್ಚಿಬಿಡುತ್ತಿದ್ದಳು.

ಮಾತು ನಿಂತ ಕಾರಣ ಕೇಳಿದರೆ ನೀವೂ ನನ್ನಂತೆ ಮೊದಲು ನಗುತ್ತೀರಿ. ಅವರ ಅಜ್ಜ ಬಯಲಾಟದ ರಾಜವೇಷಕ್ಕೆ ಸುತ್ತಿನಲ್ಲೆಲ್ಲ ಹೆಸರಾದವರು. ಅವರು ತೀರಿಕೊಂಡ ಮೇಲೆ ಹೊಲ, ಮನೆ, ಎತ್ತುಗಳೆಲ್ಲ ಸಲೀಸಾಗಿ ಪಾಲಾದವು. ವೇಷದ ಪೆಟ್ಟಿಗೆಗೆ ಬಂದಾಗ ಜಗಳ ಹತ್ತಿತು. ಹಿರಿಯ ಮಗ ಸಿದ್ದಪ್ಪನಿಗೆ ಭುಜಕೀರ್ತಿ ಬಂತು, ಹೆಗಲ ಮೇಲೆ ರೆಕ್ಕೆಯಂತೆ ನಿಲ್ಲುವ, ಕನ್ನಡಿ ಕೂರಿಸಿದ ಮರದ ಆಭರಣ. ಕಿರಿಯ ಭರಮಪ್ಪನಿಗೆ ಕಿರೀಟ ಬಂತು. ಒಂದಿಲ್ಲದೆ ಇನ್ನೊಂದು ರಂಗವೇರುವಂತಿಲ್ಲ. ಆದ್ದರಿಂದ ಎರಡೂ ಅಟ್ಟ ಸೇರಿದವು. ಅಣ್ಣತಮ್ಮಂದಿರು ಒಂದೇ ಬಸ್ಸಿಗೆ ಹತ್ತುವುದನ್ನೂ ಬಿಟ್ಟರು. ಹಾಲೇಶ ಒಮ್ಮೆ ನನ್ನೊಡನೆ ಹೇಳಿದ್ದ: “ಅವನ ಜೋಡಿ ಒಂದು ಮಾತು ಆಡಿದ್ದು ಕಿವಿಗೆ ಬಿತ್ತಂದ್ರ ಕಾಲೇಜು ಬಿಟ್ಟು ಹೊಲಕ್ಕ ನಡಿ ಅಂದಾನ್ರಿ ಅಪ್ಪ. ಅಂದಂಗ ಮಾಡೋನೇರಿ.” ಅವನಿಗೆ ಎಂ.ಎ. ಓದಿ ಮೇಷ್ಟ್ರಾಗುವ ಆಸೆ. ಪರೀಕ್ಷೆ ಇನ್ನೂ ಮುಂದಿತ್ತು.

ರಾಜಕುಮಾರ ಯಾಕೆ ತಡಮಾಡುತ್ತಾನೆಂಬ ಪ್ರಶ್ನೆಯ ಮೇಲೆ ಪಂಡಿತರು ಬರೆದದ್ದನ್ನೆಲ್ಲ ನಾನು ವಿಸ್ತಾರವಾಗಿ ವಿವರಿಸುತ್ತಿದ್ದೆ. ಕೊಟ್ರೇಶ ತಾಳ್ಮೆಯಿಂದ ಕೇಳಿ, “ನಮ್ಮೂರಾಗಾಗಿದ್ರ ಮೊದಲನೇ ಅಂಕದಾಗ ಮುಗಿತಿತ್ರಿ ಸರ” ಎಂದ.

“ಹೌದಪ್ಪಾ,” ಎಂದಳು ಹುಲಿಗೆಮ್ಮ, “ನಿಮ್ಮಪ್ಪ, ನಿಮ್ಮ ದೊಡ್ಡಪ್ಪ ಎಷ್ಟು ವರ್ಷಾತು, ಈಗ ಎಷ್ಟನೇ ಅಂಕದಾಗ ಅದಾರ?”

ಬೆಂಚಿನ ಎರಡು ತುದಿಗಳೂ ಒಟ್ಟಿಗೆ ನಕ್ಕವು. ನಕ್ಕದ್ದು ತಿಳಿದೊಡನೆ ಎರಡೂ ಬೇರೆ ಬೇರೆ ಕಿಟಕಿ ನೋಡಿದವು.

ಕಾಲೇಜಿನ ವಾರ್ಷಿಕೋತ್ಸವಕ್ಕೆ ನಾಟಕದ ಕೊನೆಯ ಭಾಗವನ್ನು ಆಡೋಣವೆಂದದ್ದು ಅವಳೇ. ಆಟ ಇಂಗ್ಲಿಷಿನಲ್ಲಿ, ನಡುನಡುವೆ ಕನ್ನಡದಲ್ಲಿ ಕಥೆ ಹೇಳುವವಳು ತಾನು, ಪ್ರೇತವೂ ತಾನೇ. ಕೊಟ್ರೇಶ ರಾಜ, ಹಾಲೇಶ ರಾಜಕುಮಾರ. ಉಳಿದ ಪಾತ್ರಗಳನ್ನು ಅವಳು ಕಥೆಯಲ್ಲೇ ಸಾಯಿಸಿಬಿಟ್ಟಳು. ತಂದೆಯರು ಒಪ್ಪಲಾರರೆಂದು ನಾನೆಂದರೆ ಹಾಲೇಶ, “ಪ್ರೀತಿ ಮಾಡೋ ಪಾತ್ರ ಅಂದ್ರ ಒಪ್ಪಂಗಿಲ್ರಿ. ಕೊಲ್ಲೋ ಪಾತ್ರಕ್ಕ ಯಾಕ ಬ್ಯಾಡಂತಾನ” ಎಂದ.

ಆದರೂ ಹಿರಿಯರಾದ ನಾವೇ ಕೇಳುವುದು ಧರ್ಮವೆಂದು ಅರಸೀಕೆರೆಗೆ ಹೋದೆ. ಸಿದ್ದಪ್ಪ ಹೊರಸಿನ ಮೇಲೆ ಕೂರಿಸಿ ಕಥೆ ಕೇಳಿದರು. ಕೇಳುತ್ತ ಕೇಳುತ್ತ ಅವರ ಮುಖ ಅರಳಿತು. “ತಮ್ಮ ಕಿರೀಟ ಹೊಡಕೊಂಡ ಕಥಿ. ಅಲ್ರಿ, ಆ ದೇಶದಾತಗ ನಮ್ಮನಿ ಸಂಗ್ತಿ ಹೆಂಗ ಗೊತ್ತಾತು? ಕೊನಿಗೆ ನನ್ನ ಮಗ ಅವನನ್ನ ತಿವಿತಾನ ಹೌದಲ್ರಿ? ಭುಜಕೀರ್ತಿ ನಾನೇ ತರ್ತೀನಿ ಬಿಡ್ರಿ.”

ಭರಮಪ್ಪನವರು ಬೀದಿಯ ಇನ್ನೊಂದು ಕೊನೆಯಲ್ಲಿದ್ದರು. “ಕಿರೀಟ ನನ್ನ ಮಗನ ತಲಿಮ್ಯಾಲೆ, ಕೊನೀತನಕ?” ಎಂದು ಕೇಳಿದರು. ಕೊನೆಯವರೆಗೂ ಹೌದು, ಆದರೆ ಸಾಯುತ್ತಾನೆ ಎಂದೆ. “ಸಾಯೋದು ಎಲ್ರೂ ಸಾಯ್ತೀವ್ರಿ ಸರ. ಕಿರೀಟ ಇಟ್ಕಂಡು ಸಾಯೋ ಯೋಗ ಯಾರಿಗೈತಿ?”

ಇಬ್ಬರೂ ಇಷ್ಟು ಸಂತೋಷದಿಂದ ಒಪ್ಪಿದ್ದರಿಂದ ನನಗೆ ಒಳಗೊಳಗೇ ಅಳುಕಾಯಿತು. ಅಭ್ಯಾಸದ ದಿನಗಳಲ್ಲಿ ಹಾಲೇಶ ಒಂದು ಮಾತು ತೆಗೆದ. “ಸರ, ನಮ್ಮ ಮನಿತನದಾಗ ವೇಷ ನಾವೇ ಕಟ್ಟಿಕೊಳ್ಳಂಗಿಲ್ರಿ, ಹಿರೇರು ಕಟ್ಟಬೇಕು. ಕಟ್ಟಿದ ಕೈನೇ ಬಿಚ್ಚಬೇಕು. ಅದೂ ಮಂಗಳ ಆದ ಮ್ಯಾಲೆ, ಕೊಂದಾತ ಸತ್ತಾತ ಕೂಡಿ ಒಂದೇ ಆರತಿ ತಟ್ಟಿ ಹಿಡಿದ ಮ್ಯಾಲೆ.”

“ಈ ನಾಟಕದಲ್ಲಿ ಮಂಗಳವಿಲ್ಲಪ್ಪ. ಸತ್ತವರು ಸತ್ತಂತೆಯೇ ಇರಬೇಕು. ಪರದೆ ಬೀಳುತ್ತದೆ. ಅದೇ ಅದರ ಗಾಂಭೀರ್ಯ.”

“ಹಂಗಾರ ಬಿಚ್ಚೋದು ಹೆಂಗ್ರಿ?”

“ಪರದೆ ಬಿದ್ದ ಮೇಲೆ ಬಿಚ್ಚಿದರಾಯಿತು,” ಎಂದೆ. ನಾಟಕದ ಕೊನೆಗೆ ಲೋಕಕ್ಕೆ ಒಳಿತನ್ನು ಹಾರೈಸುವ ಭರತವಾಕ್ಯವನ್ನು ಬಾಲ್ಯದಿಂದ ಪಠಿಸಿದ ನಾಲಿಗೆ ನನ್ನದು. ಅಂದು ಅದು ಪರದೇಶದ ಪರದೆಗೆ ವಕೀಲಿಕೆ ಮಾಡುತ್ತಿತ್ತು.

ಉತ್ಸವದ ದಿನ ಮೂರು ಗಂಟೆಗೇ ಕಾಲೇಜಿನ ಅಂಗಳ ತುಂಬಿತು. ಇಂಗ್ಲಿಷ್ ಆಟಕ್ಕೆ ಇಷ್ಟು ಜನ ಯಾಕೆಂದು ಪ್ರಾಂಶುಪಾಲರಿಗೆ ತಿಳಿಯಲಿಲ್ಲ. ಹಳೆಯ ರಾಜನ ಕಿರೀಟವೂ ಭುಜಕೀರ್ತಿಯೂ ಒಂದೇ ರಂಗಕ್ಕೆ ಬರುತ್ತವೆಂಬ ಸುದ್ದಿ ಅರಸೀಕೆರೆಯಿಂದ ಉಚ್ಚಂಗಿದುರ್ಗದವರೆಗೆ ಹಬ್ಬಿತ್ತು. ರಂಗದ ಹಿಂದಿನ ಎರಡು ಕೋಣೆಗಳಲ್ಲಿ ಇಬ್ಬರು ತಂದೆಯರು ತಮ್ಮ ತಮ್ಮ ಮಕ್ಕಳಿಗೆ ವೇಷ ಕಟ್ಟಿದರು. ಬಳಿಕ ಸಿದ್ದಪ್ಪ ಎಡಕ್ಕೆ, ಭರಮಪ್ಪ ಬಲಕ್ಕೆ ಹೋಗಿ ಕುಳಿತರು.

ಆ ಮಕ್ಕಳು ಆಡಿದ ಬಗೆಯನ್ನು ಹೇಗೆ ಹೇಳಲಿ? ಬಾಯಲ್ಲಿ ಇಂಗ್ಲಿಷಿನ ಛಂದಸ್ಸು, ಕಾಲಿನಲ್ಲಿ ಅಜ್ಜನ ಕುಣಿತದ ಹೆಜ್ಜೆ. ನಾನು ಕಲಿಸಿದ್ದು ಮೊದಲನೆಯದನ್ನು ಮಾತ್ರ. ಎರಡನೆಯದು ರಕ್ತದಲ್ಲಿ ಬಂದದ್ದು. ಪ್ರೇತವಾಗಿ ಹುಲಿಗೆಮ್ಮ ಬಿಳಿ ಸೀರೆಯ ಸೆರಗು ಹೊದ್ದು ನಡೆದುಬಂದಾಗ ಮುಂದಿನ ಸಾಲಿನ ಮುದುಕರೊಬ್ಬರು ಎದ್ದು ನಿಂತು ಕೈಮುಗಿದರು. ರಾಜಕುಮಾರನ ಕತ್ತಿ ರಾಜನಿಗೆ ತಾಗಿದಾಗ ಎಡಗಡೆ ಕೇಕೆ. ವಿಷವೇರಿ ರಾಜಕುಮಾರ ಉರುಳಿದಾಗ ಬಲಗಡೆ ಕೇಕೆ. ಹೆಮ್ಮೆಯಿಂದ ಕಣ್ಣು ಮಂಜಾಗಿ, ನಾನೇ ಹಗ್ಗ ಜಗ್ಗಿ ಪರದೆ ಎಳೆದೆ.

ಚಪ್ಪಾಳೆ ಬರಲಿಲ್ಲ. ಯಾರೂ ಏಳಲೂ ಇಲ್ಲ.

ಕಾರ್ಯಕ್ರಮ ಮುಗಿದಿದೆಯೆಂದು ಪ್ರಾಂಶುಪಾಲರು ಧ್ವನಿವರ್ಧಕದಲ್ಲಿ ತಿಳಿಸಿದರು. ಜನ ಅವರನ್ನು ಕರುಣೆಯಿಂದ ನೋಡಿದರು. ಮತ್ತೊಮ್ಮೆ ತಿಳಿಸಿದರು. ಹಿಂದಿನಿಂದ ಒಂದು ದನಿ ಬಂತು: “ಎಲ್ಲಿ ಮುಗಿತ್ರಿ? ಹೆಣ ಬಿಟ್ಟು ಮನಿಗೆ ಹೋದ್ರ ಊಟ ಸೇರತೈತೇನ್ರಿ?” ಇನ್ನೊಂದು ದನಿ: “ಮಂಗಳ ಆಗ್ಲಿ, ಏಳ್ತೀವಿ.” ಹೊತ್ತು ಇಳಿಯುತ್ತಿತ್ತು. ಊರಿಗೆ ಹೋಗುವ ಬಸ್ಸು ರಸ್ತೆಯಲ್ಲಿ ಹಾರ್ನ್ ಹಾಕಿ ಹಾಕಿ ಹೊರಟುಹೋಯಿತು. ಆಗಲೂ ಒಬ್ಬರೂ ಏಳಲಿಲ್ಲ.

ಪರದೆಯ ಹಿಂದೆ ಪಠ್ಯವನ್ನು ಎದೆಗವಚಿಕೊಂಡು ನಾನು ನಿಂತಿದ್ದೆ. ಸತ್ತ ರಾಜ ಒಂದು ಕಣ್ಣು ತೆರೆದು ಕೇಳಿದ: “ಸರ, ಇನ್ನೂ ಎಷ್ಟೊತ್ತು ಸಾಯಬೇಕ್ರಿ?” ಹಾಲೇಶನ ಕಣ್ಣೂ ತೆರೆದಿತ್ತು, ಆದರೆ ಅದು ನನ್ನನ್ನು ನೋಡುತ್ತಿರಲಿಲ್ಲ, ಪರದೆಯ ಸಂದಿಯಿಂದ ತಂದೆಯನ್ನು ನೋಡುತ್ತಿತ್ತು. ಮಂಗಳಕ್ಕೆ ಎದ್ದರೆ ಕೊಟ್ರೇಶನ ಕೈ ಹಿಡಿಯಬೇಕು. ಹಿಡಿದರೆ ಅದು ಆಟದ ಪಾತ್ರವಲ್ಲ, ಅಪ್ಪ ಹೇಳಿದಂತೆ ಕಾಲೇಜು ಬಿಟ್ಟಂತೆ. ನಾನು ಪಠ್ಯವನ್ನು ಕೆಳಗಿಟ್ಟು, “ಮಗಾ, ನಿನ್ನ ಇಷ್ಟ” ಎಂದೆ. ಹುಲಿಗೆಮ್ಮ ನನ್ನ ಅಪ್ಪಣೆಗೆ ಕಾಯದೆ ಪರದೆ ಸರಿಸಿದಳು. ಆರತಿಯ ತಟ್ಟೆಯಲ್ಲಿ ಕರ್ಪೂರ ಹಚ್ಚಿ ಮಂಗಳದ ಪದ ಎತ್ತಿಕೊಂಡಳು.

ಹಾಲೇಶ ಎದ್ದ. ಮೈಯ ಧೂಳನ್ನೂ ಕೊಡವದೆ ನಡೆದು ಹೋಗಿ, ತಾನು ಕೊಂದವನಿಗೆ ಕೈ ಚಾಚಿದ. “ಏಳೋ ಕೊಟ್ರ,” ಎಂದ, ಅಂಗಳಕ್ಕೆಲ್ಲ ಕೇಳುವಂತೆ. “ಅಜ್ಜನ ಕಿರೀಟ ನೆಲಕ್ಕ ಹತ್ತೈತಿ.”

ಇಬ್ಬರೂ ಒಂದೇ ತಟ್ಟೆ ಹಿಡಿದರು. ಪದ ಮುಗಿಯಿತು, ಕರ್ಪೂರವೂ ಆರಿತು. ವೇಷ ಹಾಗೆಯೇ ಇತ್ತು. ಇನ್ನು ಬಿಚ್ಚುವ ಕೈಗಳು ಬರಬೇಕು. ಜನ ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿತು. ಮೊದಲು ಎದ್ದವನು ಸೋತಂತೆ ಎಂದು ಎಲ್ಲರಿಗೂ ಗೊತ್ತಿತ್ತು. ಸಿದ್ದಪ್ಪ ವಲ್ಲಿಯನ್ನು ಹೆಗಲಿಗೆ ಹಾಕಿಕೊಂಡು ಎದ್ದರು. ಮಗನನ್ನು ಎಳೆದುಕೊಂಡು ಹೋಗಲು ಬಂದರೆಂದೇ ನಾನೆಣಿಸಿದೆ. ಅವರು ಮೆಟ್ಟಿಲೇರಿ ಬಂದು, ಯಾರ ಮುಖವನ್ನೂ ನೋಡದೆ, ಭುಜಕೀರ್ತಿಯ ಗಂಟಿಗೆ ಕೈಹಾಕಿದರು. ಹಿಂದೆಯೇ ಭರಮಪ್ಪ ಬಂದರು. ಅವರು ಕಟ್ಟಿದ ಕಿರೀಟದ ಗಂಟು ಸಡಿಲಲಿಲ್ಲ. ಎಳೆದಷ್ಟೂ ಬಿಗಿಯಿತು.

ಸಿದ್ದಪ್ಪ ಓರೆಗಣ್ಣಿನಿಂದ ನೋಡಿದರು. “ಹಂಗಲ್ಲಲೇ,” ಎಂದರು ಕೊನೆಗೆ. “ಅಪ್ಪ ಎಡಕ್ಕ ಜಗ್ಗತಿದ್ದ.”

“ನೀನೇ ಬಿಚ್ಚು ಹಂಗಾರ.”

“ಕಟ್ಟಿದ್ದು ನೀನು. ನಾ ಹೆಂಗ ಬಿಚ್ಚಲಿ? ಕೈ ಇಡು, ತೋರಸ್ತೀನಿ.”

ತಮ್ಮನ ಬೆರಳುಗಳ ಮೇಲೆ ಅಣ್ಣನ ಬೆರಳುಗಳು. ಗಂಟು ಬಿಚ್ಚಿತು. ಆಗ ಅಂಗಳ ಎದ್ದಿತು. ಚಪ್ಪಾಳೆಯಿಲ್ಲದೆ, ದೇವಸ್ಥಾನದಿಂದ ಹೊರಡುವವರಂತೆ ಸಮಾಧಾನದಿಂದ ಚದುರಿತು. ನೂಕಿನಲ್ಲಿ ಭುಜಕೀರ್ತಿಯಿಂದ ಉದುರಿದ ಕನ್ನಡಿಯ ಚೂರನ್ನು ಹಾಲೇಶ ಹೆಕ್ಕಿ ತಂದು ನನ್ನ ಅಂಗೈಯಲ್ಲಿಟ್ಟ. “ಇಟ್ಕಳ್ರಿ ಸರ. ಭುಜಕೀರ್ತಿ ಮ್ಯಾಲೆ ಇದರ ಜಾಗ ಖಾಲಿ ಇರ್ಲಿ. ನೋಡಿದಾಗೊಮ್ಮೆ ನೆನಪಾಗತೈತಿ.” ಸಿದ್ದಪ್ಪ ಕೇಳಿಯೂ ಕೇಳದವರಂತೆ ಬೀಡಿ ಹಚ್ಚಿದರು. ಕಾಲೇಜು ಬಿಡಿಸುವ ಮಾತನ್ನು ಅವರು ಮತ್ತೆ ಎತ್ತಲಿಲ್ಲ.

ಹಾಲೇಶ ಈಗ ಹಡಗಲಿಯಲ್ಲಿ ಇಂಗ್ಲಿಷ್ ಕಲಿಸುತ್ತಾನೆ. ಕೊಟ್ರೇಶ ಊರಿನಲ್ಲೇ ಬೇಸಾಯ ಮಾಡುತ್ತ ಅಜ್ಜನ ವೇಷವನ್ನು ಸಂಪೂರ್ಣವಾಗಿ ಕಟ್ಟುತ್ತಾನೆ. ಹುಲಿಗೆಮ್ಮ ಕೂಡ್ಲಿಗಿಯ ಶಾಲೆಯೊಂದರ ಮುಖ್ಯೋಪಾಧ್ಯಾಯಿನಿ. ಅವಳ ಅಪ್ಪಣೆಗೆ ಕಾಯದವರು ಅಲ್ಲಿ ಯಾರೂ ಇಲ್ಲವೆಂದು ಕೇಳಿದ್ದೇನೆ. ಎಷ್ಟೋ ವಿದ್ವತ್ಸಭೆಗಳಲ್ಲಿ ಹಾರ ಹಾಕಿಸಿಕೊಂಡಿದ್ದೇನೆ. ಆದರೆ ನನ್ನ ಹೆಮ್ಮೆಯ ಗಂಟನ್ನು ಬಿಚ್ಚಿದರೆ ಒಳಗಿರುವುದು ಆ ಒಂದು ಬೆಂಚು.

ಚೂರು ಕೈಯಲ್ಲಿದ್ದಾಗಲೇ ಹಾಲೇಶನ ಫೋನ್ ಬಂತು. “ಸರ, ನಮ್ಮ ಹುಡುಗ್ರು ಅದೇ ನಾಟಕ ಆಡ್ತಾರ್ರಿ. ಭುಜಕೀರ್ತಿ ಅಪ್ಪನೇ ಕಟ್ತಾನಂತ, ಈ ವಯಸ್ಸಿನಾಗೂ. ನೀವು ಬರಲೇಬೇಕು.” ಬರುತ್ತೇನೆಂದೆ. ಚೂರನ್ನು ಪೀಠದಲ್ಲಿ ಮತ್ತೆ ಇಡಲಿಲ್ಲ. ತುಳಸಿಯೊಂದಿಗೆ ರೇಷ್ಮೆಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿದೆ. ಅದು ಬಂದ ಜಾಗದಲ್ಲೇ ಮತ್ತೆ ಕೂರಬೇಕು. ನೆನಪಿಗೆ ಇನ್ನು ಖಾಲಿ ಜಾಗ ಬೇಕಿಲ್ಲ. ಈ ಸಲ ನಾನು ಪರದೆಯ ಹಗ್ಗ ಹಿಡಿಯುವುದಿಲ್ಲ. ಜನರ ನಡುವೆ ನೆಲದ ಮೇಲೆ ಕುಳಿತು, ಮಂಗಳವಾಗುವವರೆಗೆ ಏಳದಿರುವವರಲ್ಲಿ ಒಬ್ಬನಾಗುತ್ತೇನೆ.

ಕೊಂದ ವೇಷಕ್ಕೂ ಸತ್ತ ವೇಷಕ್ಕೂ ಒಳಿತಾಗಲಿ. ಕಟ್ಟಿದ ಕೈಗಳಿಗೆ ಬಿಚ್ಚುವ ಬಲವಿರಲಿ. ಬಸ್ಸು ತಪ್ಪಿಸಿಕೊಂಡು ಕುಳಿತ ಆ ಜನರ ಒಲೆಗಳು ಆರದಿರಲಿ. ಕಥೆ ಹೇಳಿದ ಹೆಣ್ಣುಮಗಳ ದನಿ ಬಾಡದಿರಲಿ. ಕೇಳಿದ ನಿಮಗೂ, ತಡವಾಗಿ ಕಲಿತ ಈ ಮುದುಕನಿಗೂ ಮಂಗಳವಾಗಲಿ.