ಅವ್ವನ ಬೆನ್ನಿಗೆ ಅಂಟಿಸಿದ ಔಷಧ

ಮೊದಲು ರೊಟ್ಟಿ ನಿಂತಿತು. ಆಮೇಲೆ ಅನ್ನ. ಕೊನೆಗೆ ಗಂಜಿಯೂ ಎದೆಯ ನಡುವೆ ಸಿಕ್ಕಿಕೊಂಡು ಅವ್ವ ಬಚ್ಚಲಿಗೆ ಓಡತೊಡಗಿದಳು. "ಪಿತ್ತ ಆಗೇತಿ, ಹೋಗ್ತೈತಿ ಬಿಡು," ಎನ್ನುತ್ತಿದ್ದಳು. ನಾವೂ ನಂಬಿದೆವು. ನಂಬುವುದು ಸುಲಭವಾಗಿತ್ತು.

ಎಂಡೋಸ್ಕೋಪಿ, ಬಯಾಪ್ಸಿ, ಸ್ಕ್ಯಾನ್.

ಅನ್ನನಾಳದ ಕ್ಯಾನ್ಸರ್. ಬೆನ್ನುಮೂಳೆಗೂ ಹೋಗಿತ್ತು.

ರಿಪೋರ್ಟ್ ಓದಿದವಳು ನಾನು. ಬೈರಿದೇವರಕೊಪ್ಪದಲ್ಲಿ ಹತ್ತಿ ತುಂಬಿ ಗಾದಿ ಹೊಲಿಯುವ ಅಪ್ಪನಿಗೆ ಸಹಿ ಮಾಡುವಷ್ಟು ಅಕ್ಷರ ಬರುತ್ತದೆ. ಅವ್ವನಿಗೆ ಅದೂ ಇಲ್ಲ. ಹತ್ತಿಯ ದೂಳಿನಲ್ಲಿ ಮೂಗಿಗೆ ದುಪಟ್ಟಾ ಕಟ್ಟಿಕೊಂಡು ಕೂತು ಓದಿ ನಾನು ಬಿ.ಕಾಂ. ಮುಗಿಸಿದೆ. ನಮ್ಮ ಮನೆತನದಲ್ಲೇ ಪದವಿ ಪಡೆದ ಮೊದಲನೆಯವಳು. ದೇಶಪಾಂಡೆ ನಗರದ ಆಫೀಸೊಂದರಲ್ಲಿ ನನ್ನದೊಂದು ಕುರ್ಚಿ ಇದೆ. ಅದರ ಬಗ್ಗೆ ಇಂದಿಗೂ ನನಗೆ ಹೆಮ್ಮೆಯೇ. ಓಣಿಯವರ ಕಾಗದಗಳೆಲ್ಲ ನನ್ನ ಕೈಗೆ ಬರುತ್ತಿದ್ದವು. ಪೂರ್ತಿ ಓದಿ, ಒಂದು ಸಾಲು ಹೇಳಿ ಕಳಿಸುತ್ತಿದ್ದೆ. ಉಳಿದದ್ದು ಅವರಿಗೇಕೆ ಎಂದುಕೊಳ್ಳುತ್ತಿದ್ದೆ.

ಮಾರ್ಫಿನ್ ಮಾತ್ರೆ ಕೆಲವು ವಾರ ನೋವನ್ನು ಹಿಡಿದಿಟ್ಟಿತು. ಬಳಿಕ ಮಾತ್ರೆಯೇ ಇಳಿಯದಾಯಿತು. ಪುಡಿ ಮಾಡಿ ಕೊಟ್ಟರೆ ವಾಂತಿ. ಮೂಗಿಗೆ ಹಾಕಿದ ನಳಿಗೆಯನ್ನು ಎರಡು ಸಲ ಕಿತ್ತೆಸೆದಳು. ತೆಳು ಹಾಲು ಮಾತ್ರ ಗುಟುಕು ಗುಟುಕಾಗಿ ಹೋಗುತ್ತಿತ್ತು.

"ಇನ್ನ ಬಾಯಿಂದ ಬ್ಯಾಡ," ಎಂದರು ಡಾಕ್ಟರು. "ಚರ್ಮದ ಮ್ಯಾಲೆ ಪ್ಯಾಚ್ ಹಚ್ಚೋಣ. ಔಷಧ ಅಲ್ಲಿಂದನ ರಕ್ತಕ್ಕ ಹೋಗ್ತದ. ಮೂರು ದಿನಕ್ಕ ಒಂದು."

ಬೆಂಕಿಪೊಟ್ಟಣದಷ್ಟೂ ಇಲ್ಲದ ತೆಳ್ಳನೆಯ ಪಟ್ಟಿ. ಹೆಗಲಿನ ಕೆಳಗೆ ಬೆನ್ನ ಮೇಲೆ ಅಂಟಿಸಿದಾಗ ಅವ್ವ ನಕ್ಕಳು. "ಸೇಬಹಣ್ಣಿಗೆ ಸ್ಟಿಕರ್ ಹಚ್ಚಿದಂಗ ಹಚ್ಚಿದೆಲ್ಲವಾ. ಇನ್ನ ನನ್ನ ರೇಟ್ ಜಾಸ್ತಿ ಆತು."

ಪೆಟ್ಟಿಗೆಯೊಳಗೆ ಮಡಿಕೆ ಮಡಿಕೆಯಾದ ಕಾಗದವಿತ್ತು. ಇಂಗ್ಲಿಷು, ಸಾಸಿವೆಯಷ್ಟು ಸಣ್ಣ ಅಕ್ಷರ. ಅಪ್ಪ ಪಕ್ಕದಲ್ಲಿ ಬಂದು ನಿಂತ.

"ಏನ್ ಬರ್ದಾರ ಯವ್ವಾ, ಅಷ್ಟುದ್ದ?"

"ನಿನಗ ತಿಳಿಯಂಗಿಲ್ಲ ಬಿಡಪ್ಪಾ. ನಾ ನೋಡ್ಕೋತೀನಿ."

ಪ್ಯಾಚಿನ ಮೇಲೆ ಬಿಸಿ ತಾಗಿಸಬಾರದು ಎಂದು ಅದರಲ್ಲಿತ್ತು. ಓದಿದೆ. ಅರ್ಥವಾಯಿತು. ಮಡಚಿ ಕಪಾಟಿನಲ್ಲಿಟ್ಟೆ.

ಯಾರಿಗೂ ಹೇಳಲಿಲ್ಲ.

ಮೊದಲೆರಡು ಪ್ಯಾಚು ಚೆನ್ನಾಗಿಯೇ ಹೋದವು. ಅವ್ವ ಕೂತು ಮಾತಾಡಿದಳು, ಅಪ್ಪ ಹೊಲಿದ ಗಾದಿಯಲ್ಲಿ ತಪ್ಪು ಹುಡುಕಿದಳು. ಮೂರನೆಯದನ್ನು ಬೆಳಿಗ್ಗೆ ಅಂಟಿಸಿ ನಾನು ಆಫೀಸಿಗೆ ಹೋದೆ. ಮೂರು ಗಂಟೆಗೆ ಅಪ್ಪನ ಫೋನು.

"ನಿಮ್ಮವ್ವ ಎಷ್ಟ್ ಛಂದ ಮಲಗ್ಯಾಳ ಅಂತಿ! ಗೊರಕಿ ಹೊಡಿಯಾಕತ್ತಾಳ."

"ಮಲಗ್ಲಿ ಬಿಡಪ್ಪಾ, ಎಬ್ಬಿಸಬ್ಯಾಡ," ಎಂದೆ. ನನಗೂ ಖುಷಿಯಾಗಿತ್ತು.

ಸಂಜೆ ಮನೆಗೆ ಬಂದಾಗ ಅವ್ವನ ತುಟಿ ನೀಲಿಗಟ್ಟಿತ್ತು. ಒಂದು ಉಸಿರು. ಮತ್ತೆ ಎಷ್ಟೋ ಹೊತ್ತು ಏನೂ ಇಲ್ಲ. ಕೂಗಿದೆ, ಚಿವುಟಿದೆ, ಏಳಲಿಲ್ಲ. ಮಗ್ಗುಲಿಗೆ ಹೊರಳಿಸಿದರೆ ಬೆನ್ನು ಕೆಂಪಗಾಗಿತ್ತು. ಹಾಸಿಗೆಯಲ್ಲಿ ಉಪ್ಪಿನ ಗಂಟು, ಇನ್ನೂ ಬೆಚ್ಚಗೆ.

"ಏನ್ ಮಾಡಿದೆಪ್ಪಾ?"

"ಭಾಳ ನರಳಾಕತ್ತಿದ್ಲು. ಉಪ್ಪು ಹುರಿದು ಕಾಸಿದೆ. ಆರಿದ್ರ ಮತ್ತ ಬಿಸಿ ಮಾಡಿ ಇಟ್ಟೆ. ನನ್ನ ಬೆನ್ನಿಗೆ ಆಕಿ ಮೂವತ್ ವರ್ಷ ಕಾಸ್ಯಾಳಲ್ಲ. ಆ ಪಟ್ಟಿ ಮ್ಯಾಲನ ಇಟ್ಟೆ. ಔಷಧ ಲಗೂ ಒಳಗ ಇಳೀಲಿ ಅಂತ."

ಪ್ಯಾಚನ್ನು ಕಿತ್ತೆ. ಆಟೋದಲ್ಲಿ ದಾರಿಯುದ್ದಕ್ಕೂ ಅವಳ ಕೆನ್ನೆ ತಟ್ಟುತ್ತಲೇ ಇದ್ದೆ. ಕ್ಯಾಜುವಾಲ್ಟಿಯಲ್ಲಿ ಟಾರ್ಚ್ ಬಿಟ್ಟು ನೋಡಿದರು. ಕಣ್ಣ ಪಾಪೆ ಸೂಜಿಮೊನೆಯಷ್ಟಾಗಿತ್ತು. ಆಕ್ಸಿಜನ್ ಹಾಕಿ, ಪ್ಯಾಚಿನ ಔಷಧದ ಅಮಲನ್ನು ಇಳಿಸುವ ಇಂಜೆಕ್ಷನ್ನನ್ನು ನರಕ್ಕೆ ಕೊಟ್ಟರು. ಎರಡು ನಿಮಿಷವೂ ಆಗಿರಲಿಕ್ಕಿಲ್ಲ, ಅವ್ವ ಕಣ್ಣು ಬಿಟ್ಟಳು. ಬಿಟ್ಟವಳೇ ಚೀರಿದಳು. ಆ ಇಂಜೆಕ್ಷನ್ ವಿಷವನ್ನೂ ಸಮಾಧಾನವನ್ನೂ ಒಟ್ಟಿಗೇ ಕಿತ್ತುಕೊಳ್ಳುತ್ತದಂತೆ. ತಡೆದಿಟ್ಟಿದ್ದ ನೋವೆಲ್ಲ ಒಂದೇ ಸಲಕ್ಕೆ ವಾಪಸು ಬಂದಿತ್ತು.

"ಯಾಕ ಎಬ್ಬಿಸಿದ್ರಿ ನನ್ನ?"

ಮರುದಿನ ನಮ್ಮ ಡಾಕ್ಟರು ಕೇಳಿದರು. "ಪೆಟ್ಟಿಗ್ಯಾಗಿನ ಕಾಗದ ಯಾರು ಓದಿದ್ರಿ?"

"ನಾನ ಓದೀನ್ರಿ."

"ಮನ್ಯಾಗ ಹೇಳಲಿಲ್ಲೇನು?"

"ಇಲ್ರಿ."

"ಬಿಸಿ ತಾಗಿದ್ರ ಔಷಧ ಲಗೂ ಒಳಗ ಹೋಗ್ತದ. ನಿಮ್ಮ ತಂದಿ ತಿಳ್ಕೊಂಡದ್ದು ಖರೇನ ಅದ," ಎಂದರು.

ಅಪ್ಪನಿಗೆ ಬೆನ್ನು ಗೊತ್ತಿತ್ತು, ಬಿಸಿ ಗೊತ್ತಿತ್ತು. ಗೊತ್ತಿಲ್ಲದ್ದು ಒಂದೇ ಸಾಲು. ಕನ್ನಡದ ಊರಿನಲ್ಲಿ ಮಾರುವ ಔಷಧಕ್ಕೆ ಇಂಗ್ಲಿಷಿನ ಕಾಗದ ತುರುಕಿದವರ ಮೇಲೆ ನನಗೆ ಸಿಟ್ಟಿದೆ. ಆದರೆ ಅವರಿಗೆ ನನ್ನ ಅಪ್ಪ ಯಾರೆಂದು ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

ನೋಡಲು ಬಂದ ನೆಂಟರು ಅಪ್ಪನನ್ನೇ ಬೈದರು. "ಇದ್ದೊಬ್ಬ ಹೆಂಡ್ತೀನ ಕಳಕೋತಿದ್ದಿ ನೋಡು," ಎಂದಳು ಒಬ್ಬ ಅತ್ತೆ. ಅಪ್ಪ ತಲೆ ತಗ್ಗಿಸಿ ಬೈಸಿಕೊಂಡ. ಆ ದಿನದಿಂದ ಅವ್ವನನ್ನು ಮುಟ್ಟಲಿಕ್ಕೇ ಹೆದರಿದ, ನೀರು ಕುಡಿಸಲಿಕ್ಕೂ ನನ್ನನ್ನು ಕರೆಯುತ್ತಿದ್ದ. ನಾನು ನೆಂಟರೆದುರು ಬಾಯಿ ಬಿಡಲಿಲ್ಲ. ಈಗ ಬರೆಯುತ್ತಿದ್ದೇನೆ.

ಮನೆಗೆ ಕಳಿಸುವ ಮುಂಚೆ ಪ್ಯಾಚು ಇನ್ನು ಬೇಡವೆಂದರು. ತೋಳಿನ ಚರ್ಮದ ಕೆಳಗೆ ಸಣ್ಣ ಸೂಜಿಯೊಂದನ್ನು ಇಟ್ಟು ಪ್ಲಾಸ್ಟರ್ ಹಾಕಿದರು. ಅದರ ನಳಿಗೆಗೆ ನಾಲ್ಕು ತಾಸಿಗೊಮ್ಮೆ ಸಿರಿಂಜಿನಿಂದ ಮಾರ್ಫಿನ್ ಹಾಕಬೇಕು. ಕಲಿಸಲು ಬಂದ ನರ್ಸ್, "ಯಾರ್ ಕೊಡ್ತೀರಿ?" ಎಂದರು. ಅಭ್ಯಾಸದಂತೆ ನಾನು ಮುಂದೆ ಬಂದೆ.

"ಹಗಲೆಲ್ಲಾ ಮನ್ಯಾಗ ಇರೋರು ಯಾರ್ರಿ?"

ಅಪ್ಪ ಗೋಡೆಗೆ ಅಂಟಿಕೊಂಡು ನಿಂತಿದ್ದ. "ನಾ ಸಾಲಿ ಕಲ್ತಿಲ್ರಿ," ಎಂದ.

"ಸಿರಿಂಜಿನ ಗೆರಿ ಕಾಣ್ತದಿಲ್ರಿ? ಎಣಸಾಕ ಬರ್ತದಿಲ್ರಿ? ಸಾಕು."

ಔಷಧ ಹಾಕುವ ಮೊದಲು ಒಂದು ನಿಮಿಷ ಉಸಿರು ಎಣಿಸಬೇಕು. ಹತ್ತಕ್ಕಿಂತ ಕಡಿಮೆ ಇದ್ದರೆ ಹಾಕದೆ ಫೋನ್ ಮಾಡಬೇಕು. ಅಪ್ಪ ಮೂರು ಸಲ ಹೇಳಿಸಿಕೊಂಡ. ನಾನು ಆಸ್ಪತ್ರೆಯ ಕಾಗದವನ್ನು ಮೊದಲ ಸಾಲಿನಿಂದ ಕೊನೆಯವರೆಗೆ ಓದಿ ಹೇಳಿದೆ. ಆತ ಕೇಳಿದ ಪ್ರಶ್ನೆಗಳಲ್ಲಿ ಎರಡಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ, ನರ್ಸಿಗೆ ಕೇಳಿ ಬಂದೆ.

ಅವ್ವ ಗುಣವಾಗುವುದಿಲ್ಲ. ಎಷ್ಟು ದಿನ ಎಂದು ಡಾಕ್ಟರು ಹೇಳುವುದಿಲ್ಲ, ನಾನೂ ಕೇಳುವುದಿಲ್ಲ. ನೋವು ತಡೆಯುವಷ್ಟಿದೆ. ಅಷ್ಟಕ್ಕೆ ಋಣಿ.

ಮೊನ್ನೆ ಭಾನುವಾರ ಮಧ್ಯಾಹ್ನ ಮನೆಯಲ್ಲಿದ್ದೆ. ಅಪ್ಪ ಕೈ ತೊಳೆದು, ಬಿಸ್ಮಿಲ್ಲಾ ಎಂದು ಸಿರಿಂಜ್ ತುಂಬಿ ಪಕ್ಕಕ್ಕಿಟ್ಟು, ಗೋಡೆಯ ಗಡಿಯಾರವನ್ನೂ ಅವ್ವನ ಎದೆಯನ್ನೂ ನೋಡುತ್ತ ಕೂತ. ತುಟಿ ಮಾತ್ರ ಅಲುಗುತ್ತಿತ್ತು.

"ಎಣಿಸಿದ್ದು ಸಾಕು, ಹಾಕ್ರಿ," ಎಂದಳು ಅವ್ವ.

"ಸುಮ್ನಿರ. ನಡುವ ಮಾತಾಡಿದಿ, ತಪ್ಪಿತು."

ಅವ್ವ ಹಲ್ಲು ಕಚ್ಚಿ ಸುಮ್ಮನಾದಳು. ಅಪ್ಪ ಮತ್ತೆ ಒಂದರಿಂದ ಶುರು ಮಾಡಿದ.