ಕೂತ ಎತ್ತರ

ನಮ್ಮ ವೀರಣ್ಣ ಮನುಷ್ಯರನ್ನು ನಿಂತಿದ್ದಾಗ ಸರಿಯಾಗಿ ನೋಡುತ್ತಲೇ ಇರಲಿಲ್ಲ. ಚಕ್ಕಳಮಕ್ಕಳ ಹಾಕಿ ಕೂತರೆ ಮಾತ್ರ ಅವನ ಕಣ್ಣು ಅರಳುತ್ತಿತ್ತು. ಮಾತಾಡುತ್ತಲೇ ಹಿಂದೆ ಸರಿದು, ಅಂಗಿಯ ಜೇಬಿನಿಂದ ಹುರಿ ತೆಗೆದು, ನೆಲದಿಂದ ನೆತ್ತಿಯವರೆಗೆ ಹಿಡಿದು ಒಂದು ಗಂಟು ಹಾಕುವನು. ಏನಿದು ಅಂದರೆ, "ಏನಿಲ್ಲ, ಕೂತ ಎತ್ತರ" ಅನ್ನುವನು. ನಮ್ಮಲ್ಲಿ ತೀರಿಕೊಂಡವರನ್ನು ಮಲಗಿಸುವುದಿಲ್ಲ. ಅಂಗೈಯಲ್ಲಿ ಲಿಂಗ ಇಟ್ಟು, ಕೂರಿಸಿ ಮಣ್ಣು ಮಾಡುತ್ತಾರೆ. ಬನವಾಸಿ ಕಡೆಯ ನಮ್ಮ ಹೊಲದಲ್ಲಿ ಮನೆತನಕ್ಕೊಂದು ಗದ್ದುಗೆ ಮಂಟಪ ಕಟ್ಟಲು ಹೊರಟವನಿಗೆ ಬೇಕಾಗಿದ್ದದ್ದು ಅದೊಂದೇ ಅಳತೆ.

ನಕ್ಷೆಯನ್ನು ಅವನು ಕಾಗದದ ಮೇಲೆ ಬರೆದವನಲ್ಲ. ವಿಭೂತಿ ಗಟ್ಟಿ ಹಿಡಿದು ಪಡಸಾಲೆಯ ನೆಲದ ಮೇಲೆ ಗೀಚುತ್ತಿದ್ದ. ನಡುವೆ ಅಪ್ಪ, ಅವ್ವನ ಹಳೆಯ ಸಮಾಧಿಗಳು. ಎರಡೂ ಮಗ್ಗುಲಿಗೆ ಒಬ್ಬೊಬ್ಬರನ್ನು ಕೂರಿಸಲು ಕಲ್ಲು ಕಟ್ಟಿದ ಕುಣಿಗಳು, ಅಂದರೆ ಗುಂಡಿಗಳು. ಮೇಲೆ ಕಂಬದ ಮಂಟಪ, ಸುತ್ತ ನೀರು ಹರಿಯಲು ಕಾಲುವೆ. "ಇರೂ ಮನಿ ಸೋರಿದ್ರ ಬೋಗುಣಿ ಇಡಬೌದು ನೀಲವ್ವಾ, ಅಲ್ಲಿ ಯಾರ ಇಡ್ತಾರ?" ಅನ್ನುವುದು ಅವನ ಮಾತು. ಮರುದಿನ ಅತ್ತಿಗೆ ಗಿರಿಜವ್ವ ಗೊಣಗುತ್ತಾ ಅದನ್ನೆಲ್ಲ ಸಾರಿಸಿ ಹಾಕುವಳು. ಅವನು ಮತ್ತೆ ಬರೆಯುವನು.

ನಾನು ಅವನ ಒಬ್ಬಳೇ ತಂಗಿ. ಹಾನಗಲ್ ಕಡೆ ಕೊಟ್ಟಿದ್ದರು. ಗಂಡ ಹೋದ ಮೇಲೆ ಆ ಮನೆಯವರು ಒಂದು ಚಾಪೆ ಹಾಸುವಷ್ಟೂ ಜಾಗ ಕೊಡಲಿಲ್ಲ. ತಿರುಗಿ ಬಂದು ಶಿರಸಿ ಬಸ್‌ಸ್ಟ್ಯಾಂಡಿನಲ್ಲಿ ಅನಾನಸು ಹೆಚ್ಚಿ ಮಾರಿದೆ. ಈಗ ಅದೇ ಊರಲ್ಲಿ ಟೈಲ್ಸು, ಕಲ್ಲಿನ ಅಂಗಡಿ ಇಟ್ಟಿದ್ದೇನೆ. ಹಾಗಾಗಿ ಕಲ್ಲು ಕೊಡಿಸುವ ಕೆಲಸ ತಾನಾಗಿ ನನ್ನ ಹೆಗಲಿಗೆ ಬಂತು.

ನೀವೂ ಕಟ್ಟಿಸುವವರಿದ್ದರೆ ಒಂದು ಮಾತು ನೆನಪಿಡಿ: ಸಮಾಧಿಗೆ ಅಂತ ಬಾಯಿ ಬಿಡಬೇಡಿ. ದುಃಖದಲ್ಲಿರುವವರು ಚೌಕಾಶಿ ಮಾಡುವುದಿಲ್ಲ ಅಂತ ಕಲ್ಲಿನವರಿಗೆ ಗೊತ್ತು. ದನದ ಕೊಟ್ಟಿಗೆಗೆ ಅನ್ನಿ. ಬಾಗಲಕೋಟೆ ಕಡೆಯಿಂದ ಕಲ್ಲು ತರುವ ಲಾರಿಯವನೊಬ್ಬ ಕಿರವತ್ತಿ ಢಾಬಾದಲ್ಲಿ ಊಟಕ್ಕೆ ನಿಲ್ಲುತ್ತಿದ್ದ. ಅಣ್ಣನನ್ನೂ ಕರೆದುಕೊಂಡು ಹೋಗಿ ಅವನನ್ನು ಅಲ್ಲೇ ಹಿಡಿದೆ. ಕೊಟ್ಟಿಗೆ ಅಂದೆ, ಎಮ್ಮೆ ಅಂದೆ, ಎಮ್ಮೆಗೊಂದು ಹೆಸರನ್ನೂ ಇಟ್ಟೆ. ದರ ಇಳಿಯುತ್ತಿತ್ತು. ಅಷ್ಟರಲ್ಲಿ ಹೊರಸಿನ ಮೇಲೆ ಕಾಲು ಮಡಚಿ ರೊಟ್ಟಿ ಮುರಿಯುತ್ತಿದ್ದ ಅವನ ಬೆನ್ನ ಹಿಂದೆ ಅಣ್ಣ ಹುರಿ ಹಿಡಿದು ನಿಂತಿದ್ದ!

"ಏನ್ರಿ ಯಜಮಾನ್ರ, ಎಮ್ಮಿ ಕಟ್ಟೂ ಹಗ್ಗಾನ?" ಲಾರಿಯವನು ಕೇಳಿದ.

"ಇಲ್ಲ ತಮ್ಮಾ, ಭಾಳ ಎತ್ತರ ಅದಿ ನೀ. ನಮ್ಮ ಕುಣ್ಯಾಗ ಹಿಡ್ಯಾಂಗಿಲ್ಲ."

ರೊಟ್ಟಿ ಗಂಟಲಲ್ಲಿ ಸಿಕ್ಕಿ ಅವನು ಕೆಮ್ಮಿದ. ದರ ಮೊದಲಿದ್ದಲ್ಲಿಗೆ ಹೋಗಿ ಕೂತಿತು. ದಾರಿಯುದ್ದಕ್ಕೂ ನಾನು ಬೈದೆ, ಅಣ್ಣ ನಕ್ಕ. ಅಂಥವನ ಮೇಲೆ ಸಿಟ್ಟು ಎಷ್ಟು ಹೊತ್ತು ನಿಂತೀತು?

ನನ್ನ ಅಳತೆ ತೆಗೆದದ್ದು ಒಂದು ಅಮಾವಾಸ್ಯೆ, ಹೋಳಿಗೆ ಊಟದ ಮೇಲೆ. "ನೆಟ್ಟಗ ಕುಂದ್ರು ನೀಲವ್ವಾ" ಅಂದು ನೆತ್ತಿಗೆ ಹುರಿ ತಾಗಿಸಿದ.

"ಇದ್ಯಾವ ಕುಣೀಗೋ ಅಣ್ಣಾ?"

"ಅವ್ವನ ಮಗ್ಗಲಿಗೆ ಬರೂದು."

ನನ್ನ ಕಣ್ಣು ತುಂಬಿದ್ದನ್ನು ಅವನು ನೋಡಿದ. ನೋಡಿ, ಗಂಟು ಬಿಗಿದ. ಆಮೇಲಿನ ಕಲ್ಲೆಲ್ಲ ನಾನು ನನ್ನ ಮನೆಗೆ ಕೊಂಡಂತೆ ಕೊಂಡೆ. ಬಿರುಕಿದ್ದ ಒಂದು ಚಪ್ಪಡಿಯನ್ನೂ ಒಳಗೆ ಬಿಡಲಿಲ್ಲ.

ಮಂಟಪ ಮುಗಿಯುವ ಹೊತ್ತಿಗೆ ನೋಡಲು ಹೋದೆ. ಅಣ್ಣ ಊರಲ್ಲಿರಲಿಲ್ಲ. ಕಲ್ಲು ಕಟ್ಟುತ್ತಿದ್ದ ಗೌಂಡಿ ಒಂದೊಂದೇ ಕುಣಿ ತೋರಿಸಿದ. ಇದು ಚಿಕ್ಕಪ್ಪಂದು, ಇದು ಚಿಕ್ಕಮ್ಮಂದು, ಇದು ಗಿರಿಜಕ್ಕಾರದು. ಅತ್ತಿಗೆಯದು ಅವ್ವನ ಮಗ್ಗುಲಲ್ಲಿತ್ತು.

"ಮತ್ತ ನಂದು?"

ಅವನು ಕರಣೆ ಒರೆಸುತ್ತಾ ನಿಂತ. "ನಿಮ್ಮ ಅಳತಿ ಗಿರಿಜಕ್ಕಾರ ಸಲುವಾಗಿ ತಗೊಂಡಿದ್ದಲ್ಲೇನ್ರೀ? ಜೀವಂತ ಇರೂವಾಗ ಕುಣಿ ಅಳತಿ ಕೊಡೂದಿಲ್ಲಂತ ಅವರು ಹಟ ಹಿಡದ್ರಂತ. ಇಬ್ಬರೂ ಒಂದ ಎತ್ತರ ಅಂದ್ರು ಯಜಮಾನ್ರು."

ದರ್ಜಿ ಅಂಗಡಿಯ ಗೊಂಬೆಯ ಹಾಗೆ ಕೂತು ಬಂದಿದ್ದೆ ನಾನು.

ಅಣ್ಣ ಬಂದಾಗ ಮಂಟಪದ ಮೆಟ್ಟಿಲ ಮೇಲೆಯೇ ಕೇಳಿದೆ. ಅವನು ನನ್ನ ಮುಖ ನೋಡಲಿಲ್ಲ. "ಕೊಟ್ಟ ಹೆಣ್ಮಗಳು ನೀ. ನಿನ್ನ ಜಾಗ ಹಾನಗಲ್ ಕಡೆ ಐತಿ."

"ಆ ಮನ್ಯಾಗ ಜಾಗ ಇದ್ದಿದ್ರ ನಾ ಬಸ್‌ಸ್ಟ್ಯಾಂಡಿನಾಗ ಯಾಕ ಕುಂದ್ರತಿದ್ದೆ? ಅವತ್ತ ಒಂದ ಮಾತ ಹೇಳಬೇಕಿತ್ತಿಲ್ಲೋ ಅಣ್ಣಾ."

"ಹೇಳಿದ್ರ ನೀ ಕಲ್ಲು ಕೊಡಸ್ತಿದ್ದೇನು?" ಅಂದ. ಮೆಟ್ಟಿಲ ಮೇಲಿನ ಕಲ್ಲಿನ ಪುಡಿಯನ್ನು ಕಾಲಿನಿಂದ ಸರಿಸುತ್ತಾ, "ಕಲ್ಲಿನವರ ಜೋಡಿ ಚೌಕಾಶಿ ಮಾಡು ತಂಗಿ, ಪದ್ಧತಿ ಜೋಡಿ ಮಾಡಬ್ಯಾಡ."

ಕೊಡಿಸುತ್ತಿದ್ದೆ. ಅದನ್ನು ಅವನಿಗೆ ಹೇಳದೆ ಎದ್ದು ಬಂದೆ. ಊರೆಲ್ಲ ಮೋಸ ಹೋಗದಂತೆ ಬುದ್ಧಿ ಹೇಳುವ ನಾನು ಅಣ್ಣನ ಹತ್ತಿರ ಕೇಳದೆ ಬಿಟ್ಟದ್ದು ಒಂದೇ ಮಾತು: ಆ ಕುಣಿ ಯಾರಿಗೆ? ಅಣ್ಣನನ್ನು ಹಾಗೆ ಕೇಳಬೇಕು ಅಂತ ಯಾರಿಗೆ ಹೊಳೆಯುತ್ತದೆ?

ಆಮೇಲೆ ಅವನನ್ನು ಕಂಡದ್ದು ಹೋದ ಮಳೆಗಾಲ ಕಳೆದ ಮೇಲೆ, ಫೋನು ಬಂದ ದಿನ. ಪಡಸಾಲೆಯಲ್ಲಿ ಗೋಡೆಗೆ ಆನಿಸಿ ಕೂರಿಸಿದ್ದರು. ಹಣೆ ತುಂಬ ವಿಭೂತಿ. ಹೊಲದಿಂದ ಗೌಂಡಿ ಬೆವರುತ್ತಾ ಬಂದ. "ಯಜಮಾನ್ರ ಅಳತಿ ಯಾರ ಹತ್ರ ಐತ್ರಿ? ನಂದು ಕಡೀಕ ಅಂತಿದ್ರು. ಅವರದೊಂದ ಕಟ್ಟಿಲ್ಲ."

ಯಾರ ಹತ್ತಿರವೂ ಇರಲಿಲ್ಲ. ಹುರಿ ಹಿಡಿದವನನ್ನು ಅಳೆದವರು ಯಾರು? ಅತ್ತಿಗೆ ಗೂಟದ ಮೇಲಿದ್ದ ಅಂಗಿಯ ಜೇಬಿನಿಂದ ಹುರಿ ತೆಗೆದು ನನ್ನ ಕೈಗೆ ಇಟ್ಟಳು. ನಾನು ಅವನ ಹಿಂದೆ ಮೊಣಕಾಲೂರಿದೆ. ತಲೆ ಒಂದು ಕಡೆ ವಾಲಿತ್ತು. "ನೆಟ್ಟಗ ಕುಂದ್ರು ಅಣ್ಣಾ" ಅಂದು ಎತ್ತಿ ಹಿಡಿದು ನೆತ್ತಿಯ ಹತ್ತಿರ ಗಂಟು ಹಾಕಿದೆ.

ಗೌಂಡಿ ಕೈ ಚಾಚಿದ. ತಡಿ ಅಂದೆ. ಅಣ್ಣನ ಗಂಟಿಗಿಂತ ನಾಲ್ಕು ಬೆರಳು ಕೆಳಗೆ ನನ್ನದಿತ್ತು. ಅತ್ತಿಗೆಯ ಕುಣಿ ಕಟ್ಟಿ ಆಗಿತ್ತು, ಆ ಗಂಟು ಬಿಚ್ಚಿ ಏನೂ ಲಾಭವಿರಲಿಲ್ಲ. ಲಾಭವಿಲ್ಲದ ಕೆಲಸ ಮಾಡುವವಳಲ್ಲ ನಾನು. ಹೆಂಗಸರೆಲ್ಲ ಅಳು ನಿಲ್ಲಿಸಿ ನೋಡುತ್ತಿದ್ದರು. ನನ್ನ ಗಂಟು ಉಗುರಿಗೆ ಸಿಗಲಿಲ್ಲ. ಹಲ್ಲಿನಿಂದ ಬಿಚ್ಚಿದೆ.