ಅಕ್ಕ ‘ಏಳು’ ಅಂದದ್ದು

ಒಳ್ಳೆಯ ಪಿಚ್ಚರ್ ಯಾವುದೆಂದು ನಮ್ಮ ನೆಂಟರಿಷ್ಟರಲ್ಲಿ ಯಾರಿಗೆ ಬೇಕಾದರೂ ಫೋನ್ ಬರುವುದು ನನಗೇ. ಗುಂಡ್ಲುಪೇಟೆಯಲ್ಲಿ ಬ್ಲೌಸ್ ಹೊಲಿದುಕೊಂಡು ಕೂತಿರುವ ಹೆಂಗಸಿಗೆ ಇದೊಂದು ದೊಡ್ಡಸ್ತಿಕೆ. ಆದರೆ ಹೆಸರು ಮಾತ್ರ ಕೇಳಬಾರದು. ಪಿಚ್ಚರಿನ ಹೆಸರು ನನ್ನ ತಲೆಯಲ್ಲಿ ನಿಲ್ಲುವುದಿಲ್ಲ. ಅತ್ತೆ ಬೀಗದಕೈಯನ್ನು ಅಕ್ಕಿ ಡಬ್ಬದಲ್ಲಿ ಬಚ್ಚಿಟ್ಟು ತಾನೇ ಮರೆತುಬಿಡುವ ಪಿಚ್ಚರ್, ಮದುವೆಯ ದಿನ ಗಂಡಿನ ಒಂದು ಚಪ್ಪಲಿ ಕಾಣೆಯಾಗುವ ಪಿಚ್ಚರ್, ಕುರುಡು ಮೇಷ್ಟ್ರು ಹೆಜ್ಜೆ ಸಪ್ಪಳ ಕೇಳಿಯೇ ಮಕ್ಕಳ ಹೆಸರು ಹೇಳುವ ಪಿಚ್ಚರ್, ನನ್ನ ಲೆಕ್ಕ ಹೀಗೆ. ಟಿವಿಯಲ್ಲಿ ಚಿತ್ರ ಕಂಡರೆ ಥಟ್ಟನೆ ಗುರುತು ಹಿಡಿಯುತ್ತೇನೆ. “ಎಸ್ರು ಕಟ್ಕಂಡು ಏನ್ ಮಾಡೀರಿ, ಮೊದ್ಲು ಕತೆ ಕೇಳಿ” ಎಂದು ಗದರಿ ಶುರು ಮಾಡಿದರೆ ನಿಲ್ಲಿಸುವವಳಲ್ಲ. ಆಚೆ ಕಡೆಯವರು ಕೊನೆಗೆ ಆ ಪಿಚ್ಚರ್ ನೋಡುವುದೇ ಇಲ್ಲ.

ಈ ಹುಚ್ಚು ಹತ್ತಿಸಿದವಳು ನನ್ನ ಅಕ್ಕ. ನಾವು ಕುದೇರಿನಲ್ಲಿ ಚಿಕ್ಕವರಿದ್ದಾಗ ಊರಾಚೆ ಟೆಂಟ್ ಹಾಕಿ ಸಿನಿಮಾ ತೋರಿಸುತ್ತಿದ್ದರು. ನಾನು ತೀರಾ ಸಣ್ಣವಳೆಂದು ಅವ್ವ ಕಳಿಸುತ್ತಿರಲಿಲ್ಲ. ಅಕ್ಕ ಚಿಕ್ಕಮ್ಮನ ಜೊತೆ ಹೋಗಿ ನೋಡಿ ಬಂದು, ಮಾರನೆಯ ಬೆಳಿಗ್ಗೆ ಪಾತ್ರೆ ತಿಕ್ಕುತ್ತಾ ನನಗೆ ಕತೆ ಹೇಳುವಳು. ಬೇಕೆಂದೇ ಅರ್ಧಕ್ಕೆ ನಿಲ್ಲಿಸಿ ಸುಮ್ಮನೆ ನಗುವಳು. ನಾನು ಅವಳ ಲಂಗ ಹಿಡಿದು ಜಗ್ಗುತ್ತಾ “ಏಳಕ್ಕ, ಏಳು, ಆಮೇಲೇನಾಯ್ತು ಏಳು” ಎಂದು ಪ್ರಾಣ ತಿನ್ನುತ್ತಿದ್ದೆ.

ನಮ್ಮ ಕಡೆಯ ಬಾಯಲ್ಲಿ ‘ಹ’ ನಿಲ್ಲುವುದಿಲ್ಲ. ಹಾಲು ಆಲಾಗುತ್ತದೆ, ಹುಲಿ ಉಲಿಯಾಗುತ್ತದೆ. ಹೇಳು ಅನ್ನುವುದಕ್ಕೂ ಏಳು, ಎದ್ದೇಳು ಅನ್ನುವುದಕ್ಕೂ ಏಳು. ಯಾವುದು ಯಾವುದೆಂದು ನಮಗೆ ತಾನಾಗಿ ಗೊತ್ತಾಗುತ್ತದೆ. ಗೊತ್ತಾಗುತ್ತದೆ ಅಂತಲೇ ನಾನೂ ಅಂದುಕೊಂಡಿದ್ದೆ.

ಹೋದ ವರ್ಷ ಅಕ್ಕನಿಗೆ ಸ್ಟ್ರೋಕ್ ಆಯಿತು. ಬಲಗೈ, ಬಲಗಾಲು ಹೋದವು. ಅವು ಹೋದರೆ ಹೋಗಲಿ, ಮಾತು ಹೋಯಿತು. ಬೀದಿಯ ಆ ತುದಿಯಲ್ಲಿ ನಿಂತವರ ಜೊತೆ ಈ ತುದಿಯಿಂದ ಮಾತಾಡುತ್ತಿದ್ದವಳು ಮಂಚದ ಮೇಲೆ ಬಾಯಿ ಓರೆ ಮಾಡಿಕೊಂಡು ಕೂತುಬಿಟ್ಟಳು. ಮಾತು ಬರುವುದಾದರೆ ಮೊದಲ ಕೆಲವು ತಿಂಗಳಲ್ಲೇ ಬರಬೇಕು, ತಡವಾದಷ್ಟೂ ಕಷ್ಟ ಎಂದು ಡಾಕ್ಟರು ಹೇಳಿದ್ದರು. ನನಗೆ ಬೇರೇನೂ ಬೇಕಿರಲಿಲ್ಲ. ಹುಟ್ಟಿದಾಗಿನಿಂದ ಅಕ್ಕ ನನ್ನನ್ನು ಕರೆದಿರುವುದು ‘ಅಮ್ಮಿ’ ಎಂದು. ಅವ್ವ ಹೋದ ಮೇಲೆ ಹಾಗೆ ಕರೆಯುವವರು ಅವಳೊಬ್ಬಳೇ ಉಳಿದಿದ್ದಳು. ಅದೊಂದು ಸಲ ಕೇಳಿಸಿದರೆ ಸಾಕಿತ್ತು.

ಅಕ್ಕನ ಮನೆ ಚಾಮರಾಜನಗರದಲ್ಲಿ. ಮಗ ಸೊಸೆ ಇಬ್ಬರೂ ಬೆಳಿಗ್ಗೆ ಕೆಲಸಕ್ಕೆ ಹೋಗುತ್ತಾರೆ. ಹಗಲು ಹೊತ್ತು ನೋಡಿಕೊಳ್ಳಲು ನಾನು ಹೊಲಿಗೆ ಮಿಷನ್ನಿಗೆ ಬಟ್ಟೆ ಮುಚ್ಚಿ ಗುಂಡ್ಲುಪೇಟೆಯಿಂದ ಬಸ್ ಹತ್ತುತ್ತಿದ್ದೆ. ತೆರಕಣಾಂಬಿ ದಾಟುವಷ್ಟರಲ್ಲಿ ಇವತ್ತು ಯಾವ ಪಿಚ್ಚರ್ ಹಾಕಬೇಕೆಂದು ತೀರ್ಮಾನವಾಗಿರುತ್ತಿತ್ತು. ಪಿಚ್ಚರಿನ ಉಪಾಯ ಕೊಟ್ಟವಳು ಕೈಕಾಲಿಗೆ ವ್ಯಾಯಾಮ ಮಾಡಿಸಲು ಬರುತ್ತಿದ್ದ ಹುಡುಗಿ. ವಯನಾಡಿನ ಕಡೆಯವಳು, ಕನ್ನಡವನ್ನು ಪುಸ್ತಕ ಇಟ್ಟುಕೊಂಡು ಕಲಿತವಳು, ನನ್ನನ್ನು ಮಾತ್ರ ಅವರ ಮಾತಿನಲ್ಲಿ ‘ಚೇಚಿ’, ಅಂದರೆ ಅಕ್ಕ ಎಂದು ಕರೆಯುವಳು.

“ಚೇಚಿ, ನಿಮ್ಮ ನಾಡಿನ ತುಂಬಾ ಒಳ್ಳೆಯ ಸಿನಿಮಾ ಯಾವುದು? ಅಮ್ಮನಿಗೆ ಇಷ್ಟ ಆದದ್ದು ಹೇಳಿ. ಅದನ್ನೇ ಹಾಕಿ ತೋರಿಸಿ. ಗೊತ್ತಿರುವ ಮಾತು ಕೇಳಿದರೆ ಬಾಯಿಗೆ ಬರಬಹುದು. ನಾನೂ ನೋಡಿ ಕನ್ನಡ ಕಲಿಯುತ್ತೇನೆ” ಎಂದಳು.

ನನಗೆ ಖುಷಿಯೋ ಖುಷಿ. “ನಿಂಗೆ ಎಂತಾ ಪಿಚ್ಚರ್ ಇಷ್ಟ? ಏಳಮ್ಮಿ” ಎಂದೆ. ಆ ಹುಡುಗಿ ತೊಡೆಯ ಮೇಲಿದ್ದ ಅಕ್ಕನ ಕಾಲನ್ನು ಮೆಲ್ಲಗೆ ಮಂಚದ ಮೇಲಿಟ್ಟು, ಎದ್ದು ನಿಂತುಬಿಟ್ಟಳು. ಎದ್ದವಳು ಏಕೆ ಎದ್ದೆನೆಂದು ಗೊತ್ತಾಗದೆ ನನ್ನ ಮುಖ ನೋಡಿದಳು. ನಾನು ಕಣ್ಣಲ್ಲಿ ನೀರು ಬರುವವರೆಗೂ ನಕ್ಕೆ. ಅಕ್ಕನ ಅರ್ಧ ಬಾಯಿಯೂ ನಕ್ಕಿತು.

ಪಿಚ್ಚರ್ ಆರಿಸುವುದಕ್ಕೆ ನನ್ನದೊಂದು ನಿಯಮವಿದೆ. ಅದರಲ್ಲಿ ಜನ ಊಟ ಮಾಡಬೇಕು. ಪ್ರೀತಿ ಮಾಡಿ, ಹೊಡೆದಾಡಿ, ಸತ್ತು ಹೋಗುವತನಕ ಒಂದು ತುತ್ತೂ ತಿನ್ನದವರನ್ನು ನಾನು ನಂಬುವುದಿಲ್ಲ. ಅಂಥವನ್ನೆಲ್ಲ ಬಿಟ್ಟು ಅಕ್ಕನಿಗೆ ಬಾಯಿಪಾಠವಾಗಿದ್ದವನ್ನೇ ಹಾಕತೊಡಗಿದೆ. ನಡುಮನೆಯ ಗೋಡೆಗೆ ಟಿವಿ, ಎದುರಿಗೆ ಅಕ್ಕನ ಮಂಚ, ಮಂಚದ ಎಡಗಡೆ ಭಾವನ ಬೆತ್ತದ ಕುರ್ಚಿ.

ಭಾವನದು ಅರಿಶಿನದ ವ್ಯಾಪಾರ. ಎಷ್ಟು ಸೋಪು ತಿಕ್ಕಿದರೂ ಅವರ ಬೆರಳಿನ ಸಂದಿಯಲ್ಲಿ ಹಳದಿ ಹೋಗುತ್ತಿರಲಿಲ್ಲ. ಶುಕ್ರವಾರ ಮಧ್ಯಾಹ್ನ ಮಂಡಿ ಬಿಟ್ಟು ಮನೆಗೆ ಬಂದು ಅಕ್ಕನ ಪಕ್ಕದಲ್ಲಿ ಕೂತು ಪಿಚ್ಚರ್ ನೋಡುವುದು ಗಂಡ ಹೆಂಡಿರ ಪದ್ಧತಿ. ಯಾವ ಪಿಚ್ಚರ್ ಎಂದು ತೀರ್ಮಾನ ಮಾಡುವವರು ಭಾವನೇ. ಅವರು ತೀರಿಕೊಂಡು ಎರಡು ವರ್ಷದ ಮೇಲಾಗಿತ್ತು. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸುತ್ತೇವೆ. ಮಣ್ಣಿನಲ್ಲಿಯೂ ಕೂರಿಸಿಯೇ ಇಡುವುದು. ಉಮ್ಮತ್ತೂರಿನ ಅವರ ಹೊಲಕ್ಕೆ ಒಯ್ಯುವವರೆಗೂ ಭಾವನನ್ನು ಆ ಬೆತ್ತದ ಕುರ್ಚಿಯಲ್ಲೇ ಕೂರಿಸಿದ್ದರು. ಹಣೆ ತುಂಬಾ ವಿಭೂತಿ, ಗದ್ದಕ್ಕೆ ಕಟ್ಟಿದ ಬಿಳಿ ಬಟ್ಟೆ. ಯಾರೋ ಟಿವಿಗೆ ದುಪ್ಪಟಿ ಹೊದಿಸಿದ್ದರು. ಬಂದವರೆಲ್ಲ ಅಳುತ್ತಿದ್ದರೆ ಭಾವ ಆ ದುಪ್ಪಟಿಯನ್ನೇ ನೋಡುತ್ತಾ ಕೂತಿದ್ದ ಹಾಗಿತ್ತು.

ಆಮೇಲೆ ಕುರ್ಚಿ ತೊಳೆದು ಒಣಗಿಸಿ ಅದೇ ಜಾಗದಲ್ಲಿ ಇಟ್ಟರು. ಯಾರೂ ಅದರಲ್ಲಿ ಕೂರುತ್ತಿರಲಿಲ್ಲ. ನಾನು ಕೂತೆ. ಅಕ್ಕನ ಎಡಗೈ ಹಿಡಿದುಕೊಳ್ಳಲು ಅದಕ್ಕಿಂತ ಅನುಕೂಲದ ಜಾಗ ಆ ಮನೆಯಲ್ಲಿ ಇಲ್ಲ. ಕುರ್ಚಿಗೆ ಹೆದರುವ ಪೈಕಿಯೇನು ನಾನು!

ಮೊದಲ ವಾರಗಳಲ್ಲಿ ಅಕ್ಕ ಪಿಚ್ಚರ್ ನೋಡುವುದಕ್ಕಿಂತ ನನ್ನನ್ನು ನೋಡುವುದೇ ಹೆಚ್ಚಾಗಿತ್ತು. ಬೀಗದಕೈ ಪಿಚ್ಚರಿನಲ್ಲಿ ಅತ್ತೆ ಡಬ್ಬ ಕವುಚಿ ಹಾಕುವ ಜಾಗ ಬಂದಾಗ ಟಿವಿ ಬಿಟ್ಟು ನನ್ನ ಕಡೆ ತಿರುಗಿದಳು. ಸರಿಯಾಗಿ ನನ್ನ ಮುಖಕ್ಕಲ್ಲ, ಸ್ವಲ್ಪ ಮೇಲಕ್ಕೆ. ಭಾವ ನನಗಿಂತ ಎತ್ತರದ ಆಳು. ಪ್ರತಿ ಸಲವೂ ಆ ಜಾಗದಲ್ಲಿ ಕೆಮ್ಮು ಬರುವವರೆಗೂ ನಗುತ್ತಿದ್ದದ್ದು ಅವರು. ಆಗ ನನಗೆ ಅದೆಲ್ಲ ಹೊಳೆಯಲಿಲ್ಲ. ಕಣ್ಣಿನ ಹಿಡಿತವೂ ತಪ್ಪಿದೆಯೇನೋ ಪಾಪ ಎಂದುಕೊಂಡು ಅವಳ ಬಾಯಿ ಒರೆಸಿದೆ.

ಕುರ್ಚಿಯ ಬೆತ್ತ ಮಾತ್ರ ಬೆಚ್ಚಗಿರುತ್ತಿತ್ತು. ಮಧ್ಯಾಹ್ನ ಅಡುಗೆಮನೆಗೆ ಹೋಗಿ ಅನ್ನಕ್ಕಿಟ್ಟು ಬಂದು ಕೂತರೆ, ಈಗಷ್ಟೇ ಯಾರೋ ಎದ್ದು ಹೋದಂತೆ ಬೆಚ್ಚಗೆ. ಕಿಟಕಿಯ ಬಿಸಿಲೆಂದುಕೊಂಡೆ. ಆ ಕಿಟಕಿಗೆ ಬೆಳಗಿನ ಬಿಸಿಲು ಬಿಟ್ಟರೆ ಬೇರೆ ಬಿಸಿಲಿಲ್ಲ ಎಂಬುದು ಬಸ್ಸಿನಲ್ಲಿ ಹಿಂದಿರುಗುವಾಗ ನೆನಪಾಗುತ್ತಿತ್ತು. ಒಂದೊಂದು ಸಲ ಹಸಿ ಅರಿಶಿನದ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಅರಿಶಿನದ ಊರು, ವಾಸನೆ ಬರದೆ ಇನ್ನೇನು ಎಂದು ನನಗೆ ನಾನೇ ಬೈದುಕೊಂಡೆ.

ಒಂದು ಮಧ್ಯಾಹ್ನ ಚಪ್ಪಲಿ ಪಿಚ್ಚರ್ ಹಾಕಿ ಕುರ್ಚಿಯಲ್ಲಿ ಕೂತು ಅಕ್ಕನ ಕೈ ಹಿಡಿದುಕೊಂಡೆ. ಅವಳ ಗಂಟಲಲ್ಲಿ ಏನೋ ಗೊರಗುಟ್ಟಿತು. ತುಟಿ ಅಲುಗಿತು.

“ಏ... ಏಳು.”

ಅಯ್ಯೋ ಶಿವನೇ! ನಾನು ಅತ್ತೆ, ನಕ್ಕೆ, ಅವಳ ಮಗನಿಗೆ ಫೋನ್ ಮಾಡಿದೆ, ಗುಂಡ್ಲುಪೇಟೆಯಲ್ಲಿ ಪಕ್ಕದ ಮನೆಯವರಿಗೂ ಮಾಡಿದೆ. ಅಕ್ಕ ಕತೆ ಕೇಳುತ್ತಿದ್ದಾಳೆ! ಕುದೇರಿನಲ್ಲಿ ನಾನು ಅವಳ ಲಂಗ ಜಗ್ಗಿ ಕೇಳಿದ ಹಾಗೆಯೇ ಈಗ ನನ್ನನ್ನು ಕೇಳುತ್ತಿದ್ದಾಳೆ. “ಏಳ್ತಿನಿ ಕಣಕ್ಕ, ಏಳ್ದೆ ಇರ್ತಿನಾ” ಎಂದು ಚಪ್ಪಲಿ ಪಿಚ್ಚರಿನ ಕತೆಯನ್ನು ಮೊದಲಿಂದ ಕೊನೆಯವರೆಗೂ ಹೇಳಿದೆ. ಹೇಳುತ್ತಿದ್ದಷ್ಟು ಹೊತ್ತೂ ಅವಳು ಮತ್ತೆ ಮತ್ತೆ “ಏಳು, ಏಳು” ಎಂದಳು.

ಅಂದಿನಿಂದ ದಿನವೂ ಇದೇ ಆಯಿತು. ಟಿವಿ ಹಚ್ಚಿ ನಾನು ಕುರ್ಚಿಯಲ್ಲಿ ಕೂತ ಕೂಡಲೇ “ಏಳು.” ನಾನು ಹೇಳುವೆ. ನಾನು ಹೇಳಿದಷ್ಟೂ ಅವಳಿಗೆ ಸಂಕಟ ಹೆಚ್ಚುತ್ತಿತ್ತು. ಎಡಗೈಯಿಂದ ನನ್ನ ತೋಳನ್ನು ನೂಕುತ್ತಿದ್ದಳು, ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಕತೆ ತಪ್ಪಿರಬೇಕೆಂದು ನಾನು ಪಿಚ್ಚರ್ ಬದಲಾಯಿಸಿದೆ. ನಗುವ ಪಿಚ್ಚರ್ ಬಿಟ್ಟು ಅಳುವ ಪಿಚ್ಚರ್ ಹೇಳಿದೆ, ಅದನ್ನೂ ಬಿಟ್ಟು ದೇವರ ಪಿಚ್ಚರ್ ಹೇಳಿದೆ. ನನಗೆ ಗೊತ್ತಿದ್ದ ಒಳ್ಳೆಯ ಪಿಚ್ಚರುಗಳೆಲ್ಲ ಮುಗಿಯುತ್ತಾ ಬಂದವು. ಅವಳಿಗೆ ಬೇಕಾದ ಕತೆ ಯಾವುದೆಂದು ಮಾತ್ರ ತಿಳಿಯಲಿಲ್ಲ. ಬಸ್ಸಿನಲ್ಲಿ ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತದ್ದೂ ಉಂಟು.

ಒಂದು ಶುಕ್ರವಾರ ಮಧ್ಯಾಹ್ನ ಆ ಹುಡುಗಿ ಬಂದಾಗ ಪಿಚ್ಚರ್ ಆಗ ತಾನೇ ಶುರುವಾಗಿತ್ತು. ಅಕ್ಕ ಎಂದಿನಂತೆ ನನ್ನ ತೋಳು ನೂಕುತ್ತಾ “ಏಳು” ಎಂದಳು. ನಾನು ಕತೆ ಎತ್ತಿಕೊಂಡೆ. ಹುಡುಗಿ ಬಾಗಿಲಲ್ಲೇ ನಿಂತು ಸ್ವಲ್ಪ ಹೊತ್ತು ನೋಡಿದಳು.

“ಚೇಚಿ, ಅಮ್ಮ ಅಷ್ಟು ಹೇಳ್ತಿದ್ದಾರಲ್ಲ, ನೀವು ಯಾಕೆ ಏಳ್ತಾ ಇಲ್ಲ?”

“ಏಳ್ತಾನೇ ಇವ್ನಲ್ಲಮ್ಮಿ, ಇಷ್ಟೊತ್ತಿಂದ ಏನ್ ಮಾಡ್ತಾ ಇವ್ನಿ?” ಎಂದು ರೇಗಿದೆ.

“ಇಲ್ಲ ಚೇಚಿ. ನೀವು ಕೂತೇ ಇದ್ದೀರಿ.”

ಅವಳಿಗೆ ನಮ್ಮ ಮಾತು ಬರುವುದಿಲ್ಲ, ಏನೋ ಪುಸ್ತಕದ ಕನ್ನಡ ಎಂದು ನಗಲು ಹೋದೆ. ನಗು ಬರಲಿಲ್ಲ. ಅವತ್ತು ‘ಏಳಮ್ಮಿ’ ಎಂದದ್ದಕ್ಕೆ ಅವಳು ಎದ್ದು ನಿಂತದ್ದು ಕಣ್ಣ ಮುಂದೆ ಬಂತು. ಕೂತಿದ್ದ ಬೆತ್ತ ತೊಡೆಯ ಕೆಳಗೆ ಬೆಚ್ಚಗಿತ್ತು. ನಾನು ಅಕ್ಕನ ಕೈ ಬಿಟ್ಟು ಮೆಲ್ಲಗೆ ಎದ್ದು ಗೋಡೆಯ ಕಡೆ ಸರಿದೆ.

ಅಕ್ಕನ ಮುಖ ಸಡಿಲವಾಯಿತು. ಅಷ್ಟು ದಿನದಿಂದ ಗಂಟಿಕ್ಕಿದ್ದ ಹುಬ್ಬು ಬಿಚ್ಚಿಕೊಂಡಿತು. ಕಾಲಿನವರೆಗೆ ಇಳಿದಿದ್ದ ಸೆರಗನ್ನು ಎಡಗೈಯಲ್ಲಿ ಎಳೆದು ಭುಜದ ಮೇಲೆ ಹಾಕಿಕೊಂಡಳು. ಕುರ್ಚಿಯ ಕಡೆ ತಿರುಗಿ, ಕೂತಿದ್ದಾಗ ನನ್ನ ತಲೆ ಇದ್ದದ್ದಕ್ಕಿಂತ ಸ್ವಲ್ಪ ಎತ್ತರಕ್ಕೆ ನೋಡುತ್ತಾ, ಬಿಡಿಬಿಡಿಯಾಗಿ ಹೇಳಿದಳು.

“ಕೂತ್ಕಳಿ. ಸುರುವಾಯ್ತು.”

ನನಗೆ ಯಾವತ್ತೂ ಅವಳು ‘ಕೂತ್ಕಳಿ’ ಅಂದವಳಲ್ಲ. ತಂಗಿಗೆ ಯಾರು ಹಾಗೆ ಅನ್ನುತ್ತಾರೆ? ಆ ಮನೆಯಲ್ಲಿ ಅವಳು ಬಹುವಚನ ಕೊಡುತ್ತಿದ್ದದ್ದು ಒಬ್ಬರಿಗೇ. ಇಷ್ಟು ದಿನ ನಾನು ಕೂತಿದ್ದದ್ದು ಎಲ್ಲಿ, ಯಾರ ತೊಡೆಯ ಮೇಲೆ? ಬೆತ್ತ ಕಿರ್ ಎಂದಿತು. ಯಾರಾದರೂ ಎದ್ದ ಮೇಲೆ ಬೆತ್ತದ ಕುರ್ಚಿ ಹಾಗೆ ಸದ್ದು ಮಾಡುತ್ತದೆ, ನಿಜ. ಆದರೆ ನಾನು ಎದ್ದು ಆಗಲೇ ಒಂದಷ್ಟು ಹೊತ್ತಾಗಿತ್ತು. ಪಿಚ್ಚರ್ ಮುಗಿಯುವವರೆಗೂ ನಾನು ಗೋಡೆಗೆ ಒರಗಿ ನಿಂತೇ ಇದ್ದೆ. ಯಾರೂ ಏನೂ ಹೇಳದಿದ್ದರೂ ಆ ಹುಡುಗಿಯೂ ನಿಂತೇ ಇದ್ದಳು. ಹೊರಡುವಾಗ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಾ, ಇವತ್ತಿನ ಸಿನಿಮಾ ಯಾವುದು ಚೇಚಿ ಎಂದು ಸಣ್ಣ ದನಿಯಲ್ಲಿ ಕೇಳಿದಳು. ಹಾಕಿದವಳು ನಾನೇ, ಆದರೂ ನನಗೆ ನೆನಪಾಗಲಿಲ್ಲ.

ಅಕ್ಕನಿಗೆ ಈಗ ಒಂದೊಂದೇ ಮಾತು ಬರುತ್ತಿದೆ. ಬನ್ನಿ, ಕೂತ್ಕಳಿ, ನೋಡಿ, ನಗಬ್ಯಾಡಿ. ಡಾಕ್ಟರು ಬೆನ್ನು ತಟ್ಟಿದರು, ಮಗ ಸೊಸೆ ಸಿಹಿ ಹಂಚಿದರು. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಅಷ್ಟು ಕತೆ ಹೇಳಿ ಗಂಟಲು ಹರಿದುಕೊಂಡವಳು ನಾನು, ಒಂದು ಮಾತೂ ನನಗಲ್ಲ. ನಾನು ಈಗ ನೆಲದ ಮೇಲೆ ಚಾಪೆ ಹಾಕಿಕೊಂಡು ಕೂರುತ್ತೇನೆ. ಒಳ್ಳೆಯ ಪಿಚ್ಚರ್ ಹೇಳಿ ಎಂದು ಈಗಲೂ ಫೋನ್ ಬರುತ್ತದೆ. ಕತೆ ಹೇಳಲು ಬಾಯಿ ತೆರೆದರೆ ಆ ಕುರ್ಚಿ ನೆನಪಾಗಿ ಮಾತು ನಿಂತುಹೋಗುತ್ತದೆ.

ಮೊನ್ನೆ ಶುಕ್ರವಾರ ಟಿವಿ ಹಚ್ಚಿ ರಿಮೋಟ್ ಹಿಡಿದುಕೊಂಡು ನಿಂತಿದ್ದೆ. ಪರದೆಯ ತುಂಬಾ ಪಿಚ್ಚರುಗಳ ಚಿತ್ರಗಳು. ಅಕ್ಕ ಕುರ್ಚಿಯ ಕಡೆ ತಿರುಗಿ “ಯಾವ್ದು ನೋಡನ?” ಎಂದಳು. ಸುಮ್ಮನಾಗಿ ಕೇಳಿಸಿಕೊಂಡಳು. “ಊ” ಎಂದು ತಲೆಯಾಡಿಸಿದಳು. ಆಮೇಲೆ ಸ್ಟ್ರೋಕ್ ಆದಂದಿನಿಂದ ಮೊಟ್ಟಮೊದಲ ಸಲ, ನೇರವಾಗಿ ನನ್ನ ಕಣ್ಣಿಗೆ ಕಣ್ಣಿಟ್ಟು ನೋಡಿದಳು.

“ಅದ್ನೇ ಆಕು, ಅಮ್ಮಿ.”

ಆ ಒಂದು ಮಾತಿಗಾಗಿ ಎಷ್ಟು ಬಸ್ ಹತ್ತಿದ್ದೆನೋ. ಬಂತು. ಅಕ್ಕ ಕಾಯುತ್ತಿದ್ದಳು. ಹಾಕದಿದ್ದರೆ ಅವಳ ಹುಬ್ಬು ಮತ್ತೆ ಗಂಟಿಕ್ಕುತ್ತದೆ, ಆ ಮಾತು ಮತ್ತೆ ಹೋಗುತ್ತದೆ. ಆದರೆ ಯಾವುದನ್ನು ಹಾಕಲಿ? ಕುರ್ಚಿ ಅವಳಿಗೆ ಹೇಳಿದ್ದು ನನಗೆ ಕೇಳಿಸಿರಲಿಲ್ಲ. ಸೆರಗು ಸರಿಮಾಡಿಕೊಂಡು ಆ ಬರೀ ಕುರ್ಚಿಯ ಕಡೆ ತಿರುಗಿದೆ.

“ಯಾವ್ದಾಕ್ಲಿ, ಭಾವ?” ಎಂದೆ.